ಮನೆಯ ಪುಸ್ತಕಗಳಿಗೊಂದು ಆನ್‌ಲೈನ್ ಪಟ್ಟಿ: ಮಾಡುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಮನೆಯ ಪುಸ್ತಕಗಳ ಪಟ್ಟಿ ಮಾಡಲು ಕೂತವರಲ್ಲಿ ಬಹಳ ಜನ ಅರ್ಧಕ್ಕೇ ಕೈಬಿಡುತ್ತಾರೆ. ಪುಟ ಎಷ್ಟು, ಅಳತೆ ಎಷ್ಟು, ಮುಖಪುಟ ಬರೆದವರು ಯಾರು, ಎಲ್ಲವನ್ನೂ ತುಂಬಿಸಲು ಹೋಗಿ ಎರಡನೇ ಕಪಾಟಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ಒಂದು ವಿಷಯ ಮನಸ್ಸಿನಲ್ಲಿರಲಿ.

ಒಂದು ಪುಸ್ತಕದ ಬಗ್ಗೆ ಎರಡು ಥರದ ಮಾಹಿತಿ ಇರುತ್ತದೆ. ಹೆಸರು, ಲೇಖಕರು, ಪ್ರಕಾಶಕರು, ವರ್ಷ ಎಲ್ಲರಿಗೂ ಸಿಗುವಂಥವು. ಎಷ್ಟೋ ಸಲ ಯಾರೋ ಆಗಲೇ ಬರೆದಿಟ್ಟಿರುತ್ತಾರೆ. ಆದರೆ ಆ ಪ್ರತಿ ನಿಮ್ಮ ಮನೆಯ ಯಾವ ಮೂಲೆಯಲ್ಲಿದೆ, ಯಾರು ಕೊಟ್ಟದ್ದು, ಈಗ ಯಾರ ಹತ್ತಿರ ಇದೆ, ಒಳಪುಟದಲ್ಲಿ ಯಾರ ಕೈಬರಹ ಇದೆ ಎನ್ನುವುದು ನಿಮಗೆ ಮಾತ್ರ ಗೊತ್ತು. ಮೊದಲನೆಯದನ್ನು ಆದಷ್ಟೂ ಜಾಲತಾಣಗಳಿಂದ ತರಿಸಿಕೊಳ್ಳಿ. ನಿಮ್ಮ ಸಮಯವನ್ನು ಎರಡನೆಯದಕ್ಕೆ ಕೊಡಿ.

1. ಪಟ್ಟಿಗೆ ಯಾವ ಪ್ರಶ್ನೆ ಕೇಳುತ್ತೀರಿ?

ಅಂಗಡಿಯಲ್ಲಿ ನಿಂತು "ಇದು ನನ್ನ ಹತ್ತಿರ ಇದೆಯಾ?" ಎಂದು ನೋಡಬೇಕಾ? ಮನೆಯಲ್ಲೇ ಹುಡುಕುವಾಗ "ಎಲ್ಲಿಟ್ಟೆ?" ಎಂದು ತಿಳಿಯಬೇಕಾ? ಎರವಲು ಕೊಟ್ಟ ಪುಸ್ತಕಗಳ ಲೆಕ್ಕ ಬೇಕಾ? ಬೆಂಕಿ, ನೀರು ಏನಾದರೂ ಆದರೆ ವಿಮೆಗೆ ತೋರಿಸಲು ದಾಖಲೆ ಬೇಕಾ? ನಿಮ್ಮ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಪ್ರಶ್ನೆಗೂ ಉತ್ತರ ಕೊಡದ ಮಾಹಿತಿಯನ್ನು ತುಂಬಿಸುವ ಅಗತ್ಯವೇ ಇಲ್ಲ.

2. ಎಲ್ಲಿ ಮಾಡಬೇಕು

ಮನೆಯ ಪುಸ್ತಕಗಳನ್ನು ಪಟ್ಟಿ ಮಾಡುವುದಕ್ಕೆಂದೇ ಹುಟ್ಟಿದ ತಾಣ ಲೈಬ್ರರಿಥಿಂಗ್. 2005ರಲ್ಲಿ ಟಿಮ್ ಸ್ಪಾಲ್ಡಿಂಗ್ ಶುರು ಮಾಡಿದ್ದು. ಮೊದಲು ಉಚಿತ ಖಾತೆಯಲ್ಲಿ 200 ಪುಸ್ತಕ ಮಾತ್ರ ಸೇರಿಸಬಹುದಿತ್ತು. 2020ರಲ್ಲಿ ಆ ಮಿತಿ ತೆಗೆದರು. ಇದರ ದೊಡ್ಡ ಗುಣವೆಂದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ ಎಷ್ಟೋ ಗ್ರಂಥಾಲಯಗಳ ದಾಖಲೆಗಳಿಂದ ಮಾಹಿತಿ ಎಳೆದು ತರುತ್ತದೆ. ಪುಸ್ತಕ ಸೇರಿಸುವಾಗ ಯಾವ ಮೂಲದಲ್ಲಿ ಹುಡುಕಬೇಕು ಎಂದು ನೀವೇ ಆರಿಸಬಹುದು. ಖಾತೆಯನ್ನು ಖಾಸಗಿಯಾಗಿ ಇಡಬಹುದು. ನಿಮಗೆ ಮಾತ್ರ ಕಾಣುವ ಟಿಪ್ಪಣಿಗೆ ಬೇರೆ ಜಾಗವೇ ಇದೆ. ನನ್ನ ಮಟ್ಟಿಗೆ, ಸ್ವಂತ ಸಂಗ್ರಹ ಇರುವವರು ಮೊದಲು ನೋಡಬೇಕಾದ ತಾಣ ಇದೇ.

ಗುಡ್‌ರೀಡ್ಸ್ ಹೆಚ್ಚು ಜನಕ್ಕೆ ಗೊತ್ತು. 2007ರಲ್ಲಿ ಶುರುವಾಯಿತು, 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಆದರೆ ಅದು ಓದುವುದರ ಸುತ್ತ ಕಟ್ಟಿದ್ದು: ಏನು ಓದಿದೆ, ಏನು ಓದುತ್ತಿದ್ದೇನೆ, ಏನು ಓದಬೇಕು. ಕಪಾಟಿನಲ್ಲಿ ಇರುವುದು ಬೇರೆ, ಓದಿರುವುದು ಬೇರೆ, ಅಲ್ವಾ? ಎರಡನ್ನೂ ಒಂದೇ ಕಡೆ ಬೆರೆಸಿದರೆ ಆಮೇಲೆ ಬಿಡಿಸುವುದು ಕಷ್ಟ. ಓದಿನ ಲೆಕ್ಕಕ್ಕೆ ಮತ್ತು ಸ್ನೇಹಿತರ ಅಭಿಪ್ರಾಯಕ್ಕೆ ಅದು ಚೆನ್ನಾಗಿದೆ. ಆಸ್ತಿಯ ಪಟ್ಟಿಗೆ ನಾನು ಅದನ್ನು ಹೇಳುವುದಿಲ್ಲ.

ಓಪನ್ ಲೈಬ್ರರಿ ಇಂಟರ್ನೆಟ್ ಆರ್ಕೈವ್‌ನವರ ಕೆಲಸ. ಪ್ರತಿ ಪುಸ್ತಕಕ್ಕೂ ಒಂದು ಪುಟ ಇರಬೇಕು ಎನ್ನುವುದು ಅವರ ಗುರಿ. ಖಾತೆ ಇರುವ ಯಾರು ಬೇಕಾದರೂ ಇಲ್ಲದ ಪುಸ್ತಕ ಸೇರಿಸಬಹುದು, ತಪ್ಪು ತಿದ್ದಬಹುದು. ಲಿಬಿಬ್ ಎನ್ನುವುದೂ ಇದೆ. ಫೋನಿನ ಕ್ಯಾಮೆರಾದಲ್ಲಿ ಬಾರ್‌ಕೋಡ್ ಓದಿಸಿ ಸರಸರನೆ ಸೇರಿಸುತ್ತಾ ಹೋಗಬಹುದು. ಪುಸ್ತಕದ ಜೊತೆ ಸಿನಿಮಾ, ಸಂಗೀತದ ಡಿಸ್ಕುಗಳೂ ಇದ್ದರೆ ಒಂದೇ ಕಡೆ ಇಡಬಹುದು. ಇ-ಪುಸ್ತಕಗಳು ಜಾಸ್ತಿ ಇದ್ದರೆ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಬೇರೆಯಾಗಿಯೇ ಬೇಕು. ಅದು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ.

ಇಷ್ಟೆಲ್ಲ ಇದ್ದರೂ ಸಾದಾ ಸ್ಪ್ರೆಡ್‌ಶೀಟ್ ಅನ್ನು, ಅಂದರೆ ಎಕ್ಸೆಲ್‌ನಂಥ ಸಾಲು-ಕಾಲಂಗಳ ಹಾಳೆಯನ್ನು, ಹಗುರವಾಗಿ ನೋಡಬೇಡಿ. ನಿಮ್ಮ ಕಪಾಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡ ಪುಸ್ತಕಗಳಿದ್ದರೆ, ಹಳೆಯವು ಇದ್ದರೆ, ಈ ತಾಣಗಳಲ್ಲಿ ಬಹಳಷ್ಟು ಸಿಗುವುದೇ ಇಲ್ಲ. ಸಿಗದ ಪುಸ್ತಕವನ್ನು ತಾಣದ ಫಾರಂನಲ್ಲಿ ಒಂದೊಂದಾಗಿ ತುಂಬಿಸುವುದಕ್ಕಿಂತ ಹಾಳೆಯಲ್ಲಿ ಸಾಲುಸಾಲಾಗಿ ಟೈಪ್ ಮಾಡುವುದು ಬಹಳ ಬೇಗ ಆಗುತ್ತದೆ. ಮೂಲ ಪಟ್ಟಿ ಆನ್‌ಲೈನ್ ಹಾಳೆಯಲ್ಲಿ ಇರಲಿ. ತಾಣವನ್ನು ಮುಖಪುಟ ನೋಡಲು, ಬೇರೆಯವರಿಗೆ ತೋರಿಸಲು ಇಟ್ಟುಕೊಳ್ಳಿ. ಕನ್ನಡ ಓದುಗರಿಗೆ ನಾನು ಹೇಳುವ ದಾರಿ ಇದೇ.

3. ಮೊದಲು ಕಷ್ಟದ ಪುಸ್ತಕಗಳ ಮೇಲೆ ಪರೀಕ್ಷೆ

ತಾಣ ಆರಿಸಿದ ಕೂಡಲೇ ಮೊದಲ ಕಪಾಟಿಗೆ ಕೈ ಹಾಕಬೇಡಿ. ತೊಂದರೆ ಕೊಡುವ ಹತ್ತಿಪ್ಪತ್ತು ಪುಸ್ತಕ ಆರಿಸಿ. ಒಂದು ಅನುವಾದ, ಒಂದು ಹಲವು ಸಂಪುಟಗಳ ನಿಘಂಟು, ಬಾರ್‌ಕೋಡ್ ಇಲ್ಲದ ಹಳೆಯದು, ಕಿರುಹೊತ್ತಿಗೆ, ಇಬ್ಬರು ಸಂಪಾದಕರ ಲೇಖನ ಸಂಗ್ರಹ, ಎರಡು ಪ್ರತಿ ಇರುವ ಕಾದಂಬರಿ. ಇವನ್ನು ಸೇರಿಸಿ ನೋಡಿ. ಆಮೇಲೆ ಪೂರ್ತಿ ಪಟ್ಟಿಯನ್ನು ಫೈಲಾಗಿ ಇಳಿಸಿಕೊಳ್ಳಿ. ಕನ್ನಡ ಅಕ್ಷರ ಸರಿಯಾಗಿ ಬಂತಾ? ನಿಮ್ಮ ಟಿಪ್ಪಣಿಗಳೂ ಬಂದವಾ? ಫೈಲು ಇಳಿಸಿಕೊಳ್ಳಲು ಬಿಡದ ತಾಣ ಎಷ್ಟು ಚೆಂದ ಇದ್ದರೂ ಬೇಡ.

4. ಕಪಾಟುಗಳಿಗೆ ಹೆಸರು

ಪುಸ್ತಕಕ್ಕಿಂತ ಮೊದಲು ಜಾಗಕ್ಕೆ ಹೆಸರಿಡಿ. "ಹಾಲ್-2-3" ಎಂದರೆ ಹಾಲ್‌ನ ಎರಡನೇ ಕಪಾಟಿನ ಮೇಲಿನಿಂದ ಮೂರನೇ ಅಂತಸ್ತು. ಅಂತಸ್ತಿನ ಅಂಚಿಗೆ ಒಂದು ಸಣ್ಣ ಚೀಟಿ ಅಂಟಿಸಿ. ಎರಡು ಸಾಲಾಗಿ ಪುಸ್ತಕ ಇಟ್ಟಿದ್ದರೆ ಹಿಂದಿನ ಸಾಲಿಗೆ "ಹಿಂ" ಎಂದು ಸೇರಿಸಿ. ಹಿಂದಿನ ಸಾಲಿನ ಪುಸ್ತಕಗಳೇ ಜಾಸ್ತಿ ಮರೆತುಹೋಗುವುದು. ಅಟ್ಟದ ಮೇಲಿನ ಪೆಟ್ಟಿಗೆಗಳಿಗೂ ಸಂಖ್ಯೆ ಕೊಡಿ.

ಅಂತಸ್ತಿನೊಳಗೆ ಎಷ್ಟನೆಯ ಪುಸ್ತಕ ಎಂದೆಲ್ಲ ಬರೆಯಬೇಡಿ. ಒಂದು ಪುಸ್ತಕ ತೆಗೆದರೆ ಸಾಕು, ಆ ಸಂಖ್ಯೆಗಳೆಲ್ಲ ತಪ್ಪುತ್ತವೆ. ಅಂತಸ್ತು ಗೊತ್ತಾದರೆ ಕಣ್ಣು ಉಳಿದದ್ದನ್ನು ಮಾಡುತ್ತದೆ.

ಕಪಾಟು ಮುಟ್ಟುವ ಮೊದಲು ಪ್ರತಿ ಅಂತಸ್ತಿನ ಒಂದು ಫೋಟೋ ತೆಗೆದಿಡಿ. ಬೆನ್ನಿನ ಹೆಸರುಗಳು ಓದಲು ಬರುವಷ್ಟು ಹತ್ತಿರದಿಂದ ತೆಗೆಯಿರಿ. ಪಟ್ಟಿ ಮುಗಿಯಲು ತಿಂಗಳುಗಳಾದರೂ, ವಿಮೆಯ ಮಟ್ಟಿಗೆ ನಿಮ್ಮ ಹತ್ತಿರ ಒಂದು ದಾಖಲೆ ಆಗಲೇ ಇರುತ್ತದೆ.

5. ಐಎಸ್‌ಬಿಎನ್ ಇರುವ ಪುಸ್ತಕಗಳು

ಇಲ್ಲಿಂದ ವೇಗವಾಗಿ ಸಾಗಬಹುದು. ಪುಸ್ತಕದ ಹಿಂಬದಿಯ ಬಾರ್‌ಕೋಡ್ ಕೆಳಗೆ 978 ಅಥವಾ 979ರಿಂದ ಶುರುವಾಗುವ 13 ಅಂಕಿಗಳಿದ್ದರೆ ಅದೇ ಐಎಸ್‌ಬಿಎನ್, ಪುಸ್ತಕವನ್ನು ಗುರುತಿಸಲು ಕೊಡುವ ಅಂತರರಾಷ್ಟ್ರೀಯ ಸಂಖ್ಯೆ. ಫೋನಿನ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಮಾಹಿತಿ ತಾನೇ ಬರುತ್ತದೆ. ನೂರಾರು ಪುಸ್ತಕಗಳಿದ್ದರೆ ಯುಎಸ್‌ಬಿ ಬಾರ್‌ಕೋಡ್ ರೀಡರ್ ಒಂದನ್ನು ಎರವಲು ತಂದರೂ ಲಾಭವೇ. ಕಂಪ್ಯೂಟರಿಗೆ ಅದು ಒಂದು ಕೀಬೋರ್ಡ್ ಇದ್ದಂತೆ. ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತುತ್ತದೆ, ಅಷ್ಟೇ. ಹಾಗಾಗಿ ಸ್ಪ್ರೆಡ್‌ಶೀಟಿನಲ್ಲೂ ನೇರವಾಗಿ ಕೆಲಸ ಮಾಡುತ್ತದೆ.

ಸಂಖ್ಯೆಯ ಒಳಗೇ ಸ್ವಲ್ಪ ಮಾಹಿತಿ ಇದೆ. 978 ಆದ ಮೇಲೆ ಬರುವ ಅಂಕಿ ಭಾಷೆ ಅಥವಾ ದೇಶದ ಗುಂಪು. 0 ಮತ್ತು 1 ಇಂಗ್ಲಿಷ್ ವಲಯ, 2 ಫ್ರೆಂಚ್, 3 ಜರ್ಮನ್, 81 ಮತ್ತು 93 ಭಾರತ. ಆಮೇಲೆ ಪ್ರಕಾಶಕರ ಅಂಕಿಗಳು, ಪುಸ್ತಕದ ಅಂಕಿಗಳು, ಕೊನೆಗೆ ತಪ್ಪು ಹಿಡಿಯುವ ಒಂದು ಅಂಕಿ. ಈ ಕೊನೆಯ ಅಂಕಿ ಬಹಳ ಉಪಯೋಗದ್ದು. ಕೈಯಲ್ಲಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ತಾಣ ಒಪ್ಪುವುದಿಲ್ಲ. ಲೆಕ್ಕ ಸುಲಭ: ಮೊದಲ 12 ಅಂಕಿಗಳನ್ನು ಸರದಿಯಲ್ಲಿ 1, 3, 1, 3 ಎಂದು ಗುಣಿಸಿ ಕೂಡಿ. ಮೊತ್ತವನ್ನು ಮುಂದಿನ ಹತ್ತರ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ. 978-3-16-148410-0 ಎಂಬ ಸಂಖ್ಯೆಯಲ್ಲಿ ಮೊತ್ತ ಸರಿಯಾಗಿ 100 ಬರುತ್ತದೆ, ಅದಕ್ಕೇ ಕೊನೆಗೆ 0.

1970ರಿಂದ 2006ರ ಕೊನೆಯವರೆಗೆ ಐಎಸ್‌ಬಿಎನ್‌ಗೆ 10 ಅಂಕಿ. 2007ರ ಜನವರಿ 1ರಿಂದ 13. ಹಳೆಯ ಸಂಖ್ಯೆಯ ಮುಂದೆ ಸುಮ್ನೆ 978 ಅಂಟಿಸಿದರೆ ಹೊಸದಾಗುವುದಿಲ್ಲ, ಯಾಕೆಂದರೆ ಕೊನೆಯ ಅಂಕಿಯ ಲೆಕ್ಕವೇ ಬೇರೆ. ಮೇಲಿನ ಸಂಖ್ಯೆಯ 10 ಅಂಕಿಯ ರೂಪ 3-16-148410-ಎಕ್ಸ್. ಕೊನೆಯಲ್ಲಿರುವುದು ಇಂಗ್ಲಿಷ್‌ನ ಎಕ್ಸ್ ಅಕ್ಷರ, ಹತ್ತು ಎನ್ನುವುದಕ್ಕೆ ಬದಲಾಗಿ ಬರೆಯುವುದು. ಅದನ್ನು ಬಿಟ್ಟು ಟೈಪ್ ಮಾಡಬೇಡಿ. ಪುಸ್ತಕದಲ್ಲಿ 10 ಅಂಕಿ ಇದ್ದರೆ ಹಾಗೆಯೇ ಕೊಡಿ, ತಾಣಗಳು ತಾವೇ ಬದಲಿಸಿಕೊಳ್ಳುತ್ತವೆ. ಇನ್ನೂ ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ಐಎಸ್‌ಬಿಎನ್‌ಗಿಂತ ಮೊದಲಿನ 9 ಅಂಕಿಯ ಎಸ್‌ಬಿಎನ್ ಸಿಗಬಹುದು. ಅದರ ಮುಂದೆ ಒಂದು ಸೊನ್ನೆ ಸೇರಿಸಿದರೆ 10 ಅಂಕಿಯದು ಸಿಗುತ್ತದೆ.

ಸ್ಕ್ಯಾನ್ ಮಾಡಿದಾಗ ಬೇರೇನೋ ಬಂದರೆ ಮೊದಲ ಮೂರು ಅಂಕಿ ನೋಡಿ. 977 ಎಂದಿದ್ದರೆ ಅದು ಪತ್ರಿಕೆಯದು. ಅಂಗಡಿಯವರು ಮೇಲೆ ಅಂಟಿಸಿದ ಚೀಟಿಯಲ್ಲಿ ಅವರದೇ ಸಂಖ್ಯೆ ಇರುತ್ತದೆ. ಬಾರ್‌ಕೋಡ್ ಪಕ್ಕದಲ್ಲಿ ಐದು ಅಂಕಿಯ ಇನ್ನೊಂದು ಪುಟ್ಟ ಕೋಡ್ ಇದ್ದರೆ ಅದು ಸಾಮಾನ್ಯವಾಗಿ ಬೆಲೆ. ಅಮೆರಿಕದ ಹಳೆಯ ಜೇಬುಗಾತ್ರದ ಪುಸ್ತಕಗಳ ಹಿಂಬದಿಯಲ್ಲಿ ದಿನಸಿ ಸಾಮಾನಿನ ಥರದ ಕೋಡ್ ಇದ್ದು, ಐಎಸ್‌ಬಿಎನ್ ಕೋಡ್ ಮುಂದಿನ ರಕ್ಷಾಪುಟದ ಒಳಬದಿಯಲ್ಲಿ ಇರುವುದೂ ಉಂಟು.

ಒಂದು ಎಚ್ಚರಿಕೆ. ಐಎಸ್‌ಬಿಎನ್ ಮರುಮುದ್ರಣಕ್ಕೆ ಬದಲಾಗುವುದಿಲ್ಲ. ಹಾಗಾಗಿ ತಾಣ ತಂದುಕೊಟ್ಟ ವರ್ಷ ನಿಮ್ಮ ಕೈಯಲ್ಲಿರುವ ಪ್ರತಿಯದೇ ಆಗಿರಬೇಕೆಂದಿಲ್ಲ. ಮುಖಪುಟವೂ ಬೇರೆ ಇರಬಹುದು. ಸಂಪುಟಗಳ ಗುಚ್ಛಕ್ಕೆಲ್ಲ ಸೇರಿ ಒಂದೇ ಸಂಖ್ಯೆ ಕೊಟ್ಟಿರುವ ಪ್ರಕಾಶಕರೂ ಇದ್ದಾರೆ. ಪ್ರತಿ ಅಂತಸ್ತು ಮುಗಿದಾಗ ಬಂದ ಮಾಹಿತಿಯ ಮೇಲೆ ಒಮ್ಮೆ ಕಣ್ಣಾಡಿಸಿ. ಹೆಸರು, ಲೇಖಕರು, ಮುದ್ರಣದ ವರ್ಷ ಇಷ್ಟು ನೋಡಿದರೆ ಸಾಕು.

6. ಸಂಖ್ಯೆ ಇಲ್ಲದ ಪುಸ್ತಕಗಳು

1970ಕ್ಕಿಂತ ಹಿಂದಿನವು, ಲೇಖಕರೇ ಅಚ್ಚು ಹಾಕಿಸಿದವು, ಸ್ಮರಣ ಸಂಚಿಕೆಗಳು, ಕಿರುಹೊತ್ತಿಗೆಗಳು, ಸಂಸ್ಥೆಗಳು ಹಂಚಿದ ಪುಸ್ತಕಗಳು. ಇವಕ್ಕೆ ಸಂಖ್ಯೆ ಇರುವುದಿಲ್ಲ. ಬಹಳ ಸಲ ನಿಮ್ಮ ಸಂಗ್ರಹದಲ್ಲಿ ಮತ್ತೆ ಸಿಗದಂಥವು ಇವೇ ಆಗಿರುತ್ತವೆ. ಹಾಗಾಗಿ ಇಲ್ಲಿ ಅವಸರ ಬೇಡ.

ಇಂಥ ಪುಸ್ತಕ ಬಂದಾಗ ಎರಡು ಫೋಟೋ ತೆಗೆಯಿರಿ. ಒಂದು ಶೀರ್ಷಿಕೆ ಪುಟ, ಇನ್ನೊಂದು ಅದರ ಹಿಂಬದಿಯ ಮುದ್ರಣ ವಿವರದ ಪುಟ. ಪುಸ್ತಕವನ್ನು ವಾಪಸ್ ಇಟ್ಟು ಮುಂದೆ ಹೋಗಿ. ಆಮೇಲೆ ನಿಧಾನವಾಗಿ ಕೂತು ಫೋಟೋ ನೋಡಿ ಟೈಪ್ ಮಾಡಬಹುದು. ಹಳೆಯ ಪುಸ್ತಕವನ್ನು ಪದೇ ಪದೇ ಬಿಚ್ಚುವುದು ಅದರ ಹೊಲಿಗೆಗೂ ಒಳ್ಳೆಯದಲ್ಲ.

ಹೆಸರನ್ನು ರಕ್ಷಾಪುಟದಿಂದ ತೆಗೆದುಕೊಳ್ಳಬೇಡಿ, ಒಳಗಿನ ಶೀರ್ಷಿಕೆ ಪುಟದಿಂದ ತೆಗೆದುಕೊಳ್ಳಿ. ಗ್ರಂಥಪಾಲಕರು ಎಲ್ಲೆಡೆ ಪಾಲಿಸುವ ನಿಯಮ ಇದು. ರಕ್ಷಾಪುಟದಲ್ಲಿ ಅಂದಕ್ಕಾಗಿ ಹೆಸರು ಮೊಟಕಾಗಿರಬಹುದು, ಉಪಶೀರ್ಷಿಕೆ ಇಲ್ಲದಿರಬಹುದು. ಮೊದಲ ಮುದ್ರಣದ ವರ್ಷ, ನಿಮ್ಮ ಪ್ರತಿಯ ಮುದ್ರಣದ ವರ್ಷ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಎರಡನ್ನೂ ಒಂದೇ ಕಡೆ ಬರೆದವರು ಆಮೇಲೆ ಯಾವುದು ಯಾವುದೆಂದು ತಿಳಿಯದೆ ಪುಸ್ತಕ ಹುಡುಕಿಕೊಂಡು ಹೋಗಬೇಕಾಗುತ್ತದೆ. ಕೆಲವು ಇಂಗ್ಲಿಷ್ ಪುಸ್ತಕಗಳಲ್ಲಿ ಮುದ್ರಣದ ಸಂಖ್ಯೆಯನ್ನು ನೇರವಾಗಿ ಹೇಳದೆ 10 9 8 7 6 5 4 3 ಎಂದು ಅಂಕಿಗಳ ಸಾಲು ಕೊಟ್ಟಿರುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕ ಅಂಕಿಯೇ ಆ ಮುದ್ರಣ. ಇಲ್ಲಿ ಮೂರನೆಯದು.

ವರ್ಷ ಕನ್ನಡ ಅಂಕಿಯಲ್ಲಿದ್ದರೂ ಪಟ್ಟಿಯಲ್ಲಿ 1974 ಎಂದೇ ಬರೆಯಿರಿ, ಇಲ್ಲದಿದ್ದರೆ ವರ್ಷದ ಪ್ರಕಾರ ಜೋಡಿಸಲು ಬರುವುದಿಲ್ಲ. ಹಳೆಯ ಪುಸ್ತಕದಲ್ಲಿ ಶಾಲಿವಾಹನ ಶಕ ವರ್ಷ ಮಾತ್ರ ಇದ್ದರೆ 78 ಕೂಡಿಸಿ. ವರ್ಷದ ಕೊನೆಯ ತಿಂಗಳುಗಳಾದರೆ 79. ಇಂಥ ಕಡೆ ಪಕ್ಕದಲ್ಲಿ "ಸುಮಾರು" ಎಂದು ಗುರುತು ಹಾಕಿ. ವರ್ಷವೇ ಇಲ್ಲದಿದ್ದರೆ ಊಹಿಸಿ ಬರೆಯುವುದಕ್ಕಿಂತ ಖಾಲಿ ಬಿಡುವುದು ಒಳ್ಳೆಯದು.

ಸ್ವಲ್ಪ ಸಮಯ ಇದ್ದರೆ ಇಂಥ ಪುಸ್ತಕಗಳನ್ನು ಓಪನ್ ಲೈಬ್ರರಿಗೂ ಸೇರಿಸಿ. ಹೆಸರು, ಲೇಖಕರು, ಪ್ರಕಾಶಕರು, ವರ್ಷ ಕೊಟ್ಟರೆ ಸಾಕು. ಕನ್ನಡದ ಎಷ್ಟೋ ಪುಸ್ತಕಗಳು ಅಚ್ಚಾಗಿದ್ದವು ಎನ್ನುವುದಕ್ಕೇ ಅಂತರ್ಜಾಲದಲ್ಲಿ ಒಂದು ಸಾಲು ಇಲ್ಲ. ಹುಡುಕುವ ಮುಂದಿನ ವ್ಯಕ್ತಿಗೆ ನಿಮ್ಮ ಒಂದು ದಾಖಲೆಯೇ ಮೊದಲ ಸುಳಿವು ಆಗಬಹುದು. ಈ ಕೆಲಸ ಕನ್ನಡದವರೇ ಮಾಡಬೇಕು, ಬೇರೆ ಯಾರೂ ಬಂದು ಮಾಡಿಕೊಡುವುದಿಲ್ಲ.

7. ಕನ್ನಡ ಹೆಸರುಗಳನ್ನು ಬರೆಯುವ ಕ್ರಮ

ಪಟ್ಟಿ ಕೆಡುವುದು ಹೆಚ್ಚಾಗಿ ಇಲ್ಲೇ. ಒಂದೇ ಲೇಖಕರು ಮೂರು ಥರ ಬರೆಯಲ್ಪಟ್ಟರೆ ಹುಡುಕಿದಾಗ ಮೂರನೇ ಒಂದು ಭಾಗ ಮಾತ್ರ ಸಿಗುತ್ತದೆ, ಉಳಿದದ್ದು ಇಲ್ಲವೇ ಇಲ್ಲ ಅನಿಸುತ್ತದೆ.

ಮೊದಲನೆಯದು ಅಕ್ಷರ. ಎಲ್ಲ ಕಂಪ್ಯೂಟರು, ಫೋನುಗಳಲ್ಲೂ ಒಂದೇ ಥರ ಕಾಣುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಪಟ್ಟಿ ಆಗಲೇ ಇದ್ದರೆ ಅದನ್ನು ಹಾಗೇ ಅಂಟಿಸಬೇಡಿ. ತಾಣದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಮೊದಲು ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಪರೀಕ್ಷಿಸಿ, ಆಮೇಲೆ ಸೇರಿಸಿ.

ಎರಡನೆಯದು ಕಣ್ಣಿಗೆ ಕಾಣದ ತೊಂದರೆ. "ರಾವ್" ಎಂದು ಬರೆದಾಗ ಕೆಲವು ಕೀಲಿಮಣೆಗಳು ಕೊನೆಯಲ್ಲಿ ಒಂದು ಅಗೋಚರ ಸಂಕೇತ ಸೇರಿಸುತ್ತವೆ. ಒತ್ತಕ್ಷರ ಆಗದಂತೆ ತಡೆಯುವ ಸಂಕೇತ ಅದು. ಪದದ ಮಧ್ಯದಲ್ಲಿ ಅದು ಬೇಕೇ ಬೇಕು, "ರಾಜ್‌ಕುಮಾರ್" ಬರೆಯಲು ಅದಿಲ್ಲದೆ ಆಗುವುದಿಲ್ಲ. ಪದದ ಕೊನೆಯಲ್ಲಿ ಬೇಡ. ಅದು ಇರುವ "ರಾವ್", ಇಲ್ಲದ "ರಾವ್" ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದಾಗ ಇರುವ ಪುಸ್ತಕ ಸಿಗದಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಲೇಖಕರ ಹೆಸರನ್ನು ಪ್ರತಿ ಸಲ ಹೊಸದಾಗಿ ಟೈಪ್ ಮಾಡುವ ಬದಲು ಒಂದು ಹೆಸರಿನ ಪಟ್ಟಿ ಮಾಡಿಟ್ಟು ಅಲ್ಲಿಂದಲೇ ಆರಿಸುವಂತೆ ಮಾಡಿದರೆ ಈ ಸಮಸ್ಯೆಯೇ ಬರುವುದಿಲ್ಲ. ಸ್ಪ್ರೆಡ್‌ಶೀಟಿನಲ್ಲಿ ಇದಕ್ಕೆ ಡ್ರಾಪ್‌ಡೌನ್ ಸೌಲಭ್ಯ ಇದೆ.

ಮೂರನೆಯದು ಕಾವ್ಯನಾಮ. ಬೇಂದ್ರೆ ಎಂದು ಹುಡುಕಿದವರಿಗೆ ಅಂಬಿಕಾತನಯದತ್ತ ಹೆಸರಿನಲ್ಲಿ ಅಚ್ಚಾದದ್ದೂ ಸಿಗಬೇಕು. ಬಿ.ಎಂ. ಶ್ರೀಕಂಠಯ್ಯ ಎಂದರೂ ಬಿ.ಎಂ.ಶ್ರೀ ಎಂದರೂ ಒಬ್ಬರೇ. ಇದಕ್ಕೆ ಎರಡು ಕಾಲಂ ಇಡಿ. ಒಂದರಲ್ಲಿ ಪುಸ್ತಕದ ಮೇಲೆ ಇರುವಂತೆ, ಇನ್ನೊಂದರಲ್ಲಿ ನೀವು ಒಪ್ಪಿಕೊಂಡ ಒಂದೇ ರೂಪ. ಎರಡನೇ ಕಾಲಂ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಮ್ಮ ಹೆಸರುಗಳಲ್ಲಿ ಇನಿಷಿಯಲ್ ಮೊದಲು ಬರುವುದರಿಂದ, ಹಾಗೇ ಅಕ್ಷರ ಕ್ರಮದಲ್ಲಿ ಜೋಡಿಸಿದರೆ ಒಂದಕ್ಕೊಂದು ಸಂಬಂಧ ಇಲ್ಲದವರೆಲ್ಲ ಎ, ಎಸ್, ಕೆ ಕೆಳಗೆ ಗುಂಪುಗೂಡುತ್ತಾರೆ. "ಬೇಂದ್ರೆ, ದ.ರಾ." ಎಂದು ಬರೆದರೆ ಬ ಅಕ್ಷರದಲ್ಲಿ ಸಿಗುತ್ತಾರೆ. ತಾಣಗಳು ಪಾಶ್ಚಾತ್ಯ ಹೆಸರುಗಳ ಲೆಕ್ಕದಲ್ಲಿ ಕೊನೆಯ ಪದವನ್ನು ಕುಟುಂಬದ ಹೆಸರೆಂದು ತಾವೇ ತಿರುಗಿಸಿಬಿಡುತ್ತವೆ. ಬಂದ ರೂಪವನ್ನು ನೋಡಿ ತಿದ್ದಿ. ಇನಿಷಿಯಲ್‌ಗಳ ನಡುವೆ ಜಾಗ ಬಿಡಬೇಕೋ ಬೇಡವೋ ಎಂದೂ ಈಗಲೇ ನಿರ್ಧರಿಸಿ. ಯಾವುದಾದರೂ ಸರಿ, ಒಂದೇ ಇರಲಿ.

ಶೀರ್ಷಿಕೆಯ ಕಾಗುಣಿತ ಮಾತ್ರ ಪುಸ್ತಕದಲ್ಲಿ ಇರುವಂತೆಯೇ ಇರಲಿ. "ಕಥೆಗಳು" ಎಂದಿದ್ದರೆ ಹಾಗೆ, "ಕತೆಗಳು" ಎಂದಿದ್ದರೆ ಹಾಗೆ. ಹುಡುಕಲು ಅನುಕೂಲವಾಗಲಿ ಎಂದು ಇಂಗ್ಲಿಷ್ ಲಿಪಿಯಲ್ಲಿ ಇನ್ನೊಂದು ಸಲ ಬರೆಯುವ ಕಾಲಂ ಇಟ್ಟರೆ ಬಹಳ ಉಪಯೋಗ. ಫೋನಿನಲ್ಲಿ ಅವಸರದಲ್ಲಿ ಹುಡುಕುವಾಗ ಹಾಗೇ ಟೈಪ್ ಮಾಡುವವರು ಜಾಸ್ತಿ. ಇನ್ನೊಂದು ಕಾರಣವೂ ಇದೆ. ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ಗ್ರಂಥಾಲಯಗಳು ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ, ಚುಕ್ಕೆ ಗೆರೆಗಳ ಸಮೇತ ದಾಖಲಿಸುತ್ತಾ ಬಂದಿವೆ. ಲೈಬ್ರರಿಥಿಂಗ್‌ನಲ್ಲಿ ಕನ್ನಡದಲ್ಲಿ ಹುಡುಕಿ ಸಿಗದಿದ್ದರೆ ಇಂಗ್ಲಿಷ್ ಲಿಪಿಯಲ್ಲಿ ಹುಡುಕಿ. ಸಿಕ್ಕ ದಾಖಲೆಯ ಹೆಸರನ್ನು ಕನ್ನಡಕ್ಕೆ ತಿದ್ದಿ, ರೋಮನ್ ರೂಪವನ್ನು ಟಿಪ್ಪಣಿಯಲ್ಲಿ ಉಳಿಸಿಕೊಳ್ಳಿ.

ಅನುವಾದಗಳಲ್ಲಿ ಮೂಲ ಲೇಖಕರು, ಅನುವಾದಕರು, ಮೂಲ ಭಾಷೆ ಮೂರೂ ಬರಲಿ. ಅನುವಾದಕರನ್ನು ಬಿಡುವುದು ತಪ್ಪು. ನೀವು ಓದಿದ ಪ್ರತಿಯೊಂದು ವಾಕ್ಯವೂ ಅವರದೇ.

8. ಒಂದು ಪ್ರತಿಗೆ ಒಂದು ಸಾಲು

ಒಂದು ಕೃತಿಗೆ ಹಲವು ಆವೃತ್ತಿ ಇರಬಹುದು, ಒಂದು ಆವೃತ್ತಿಗೆ ನಿಮ್ಮಲ್ಲೇ ಎರಡು ಪ್ರತಿ ಇರಬಹುದು. ಮನೆಯ ಪಟ್ಟಿಯಲ್ಲಿ ಸಾಲು ಲೆಕ್ಕ ಹಾಕಬೇಕಾದದ್ದು ಪ್ರತಿಯನ್ನು. ಒಂದು ಪ್ರತಿ ಹಾಲ್‌ನಲ್ಲಿ, ಇನ್ನೊಂದು ಗೆಳೆಯರ ಹತ್ತಿರ ಇದ್ದರೆ ಒಂದೇ ಸಾಲಿನಲ್ಲಿ "2 ಪ್ರತಿ" ಎಂದು ಬರೆದು ಏನು ಉಪಯೋಗ? ಐದು ಸಂಪುಟ ಇದ್ದರೆ ಐದು ಸಾಲು.

ಬಿಡಿಬಿಡಿಯಾಗಿ ಬರೆದಿಟ್ಟರೆ ಬೇಕಾದಂತೆ ಮರುಜೋಡಿಸಬಹುದು ಎನ್ನುವುದು ಹಳೆಯ ತಿಳಿವಳಿಕೆ. ಕ್ರಾಂತಿಯ ಕಾಲದ ಫ್ರಾನ್ಸ್‌ನಲ್ಲಿ, 1791ರಲ್ಲಿ, ವಶಪಡಿಸಿಕೊಂಡ ಗ್ರಂಥಾಲಯಗಳ ಪುಸ್ತಕಗಳನ್ನು ಇಸ್ಪೀಟ್ ಎಲೆಗಳ ಹಿಂಬದಿಯಲ್ಲಿ ಬರೆಸಿದರು. ಬಿಡಿ ಎಲೆಗಳಾದ್ದರಿಂದ ಅಕ್ಷರ ಕ್ರಮದಲ್ಲಿ ಜೋಡಿಸಲು ಬಂತು. ಗ್ರಂಥಾಲಯಗಳ ಕಾರ್ಡ್ ಪೆಟ್ಟಿಗೆಗಳೂ ಅದೇ ತತ್ವದ ಮೇಲೆ ನಡೆದವು. ನಿಮ್ಮ ಸ್ಪ್ರೆಡ್‌ಶೀಟಿನ ಸಾಲೂ ಅಂಥದೇ ಒಂದು ಎಲೆ.

9. ವಿಷಯ ಗುರುತಿಸುವುದು

ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸಲು ಮೆಲ್ವಿಲ್ ಡ್ಯೂಯಿ 1876ರಲ್ಲಿ ಕೊಟ್ಟ ದಶಮಾಂಶ ವರ್ಗೀಕರಣ, ಎಸ್.ಆರ್. ರಂಗನಾಥನ್ 1933ರಲ್ಲಿ ಕೊಟ್ಟ ಕೋಲನ್ ವರ್ಗೀಕರಣ ಎರಡೂ ದೊಡ್ಡ ಸಾಧನೆಗಳು. ಆದರೆ ಮನೆಗೆ ಅವು ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕೆಲವು ಟ್ಯಾಗ್‌ಗಳು ಸಾಕು: ಕಾದಂಬರಿ, ಕವನ, ನಾಟಕ, ಆತ್ಮಕಥೆ, ಇತಿಹಾಸ, ವಿಜ್ಞಾನ, ಮಕ್ಕಳ ಪುಸ್ತಕ, ನಿಘಂಟು. ಎಷ್ಟು ಇರಬೇಕು ಎನ್ನುವ ಪ್ರಶ್ನೆಗೆ ಒಂದು ಅಳತೆಗೋಲು ಇದೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರ ಸ್ವಂತ ಸಂಗ್ರಹದ 6,487 ಸಂಪುಟಗಳನ್ನು 1815ರಲ್ಲಿ ಅಮೆರಿಕದ ಸಂಸತ್ತು ಕೊಂಡಿತು. ಅಷ್ಟಕ್ಕೂ ಅವರು ಮಾಡಿಕೊಂಡಿದ್ದ ವಿಭಾಗಗಳು 44. ನಮಗೆ ಅದಕ್ಕಿಂತ ಬಹಳ ಕಡಿಮೆ ಸಾಕು, ಅಲ್ವಾ?

ಟ್ಯಾಗ್‌ಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟು ಅದರಿಂದಲೇ ಆರಿಸಿ. "ಕವನ", "ಕವಿತೆ", "ಕಾವ್ಯ" ಮೂರೂ ಬಂದುಬಿಟ್ಟರೆ ಯಾವುದೂ ಪೂರ್ತಿ ಪಟ್ಟಿ ಕೊಡುವುದಿಲ್ಲ. ಒಂದು ಪುಸ್ತಕಕ್ಕೆ ಎರಡು ಮೂರು ಟ್ಯಾಗ್ ಹಾಕಲು ಹಿಂಜರಿಯಬೇಡಿ. ಕಪಾಟಿನಲ್ಲಿ ಪುಸ್ತಕ ಒಂದೇ ಕಡೆ ಇರಬೇಕು, ಪಟ್ಟಿಗೆ ಆ ಕಟ್ಟುಪಾಡು ಇಲ್ಲ.

10. ನಿಮಗೆ ಮಾತ್ರ ಗೊತ್ತಿರುವುದು

ಇದಕ್ಕೆ ನಾಲ್ಕು ಕಾಲಂ ಇಡಿ: ಎಲ್ಲಿದೆ, ಹೇಗೆ ಬಂತು, ಯಾರ ಹತ್ತಿರ ಇದೆ, ವಿಶೇಷ. "ವಿಶೇಷ"ದಲ್ಲಿ ಲೇಖಕರ ಸಹಿ, ಹಿರಿಯರು ಅಂಚಿನಲ್ಲಿ ಬರೆದ ಟಿಪ್ಪಣಿ, ನಡುವೆ ಸಿಕ್ಕ ಪತ್ರ, ಹುಳು ತಿಂದ ಪುಟ, ಕಾಣೆಯಾದ ಹಾಳೆ ಎಲ್ಲ ಬರಲಿ. ಯಾರು ಯಾವಾಗ ಕೊಟ್ಟರು ಎನ್ನುವುದು ಮನೆಯ ಹಿರಿಯರಿಗೆ ಮಾತ್ರ ನೆನಪಿರುವ ಪುಸ್ತಕಗಳಿದ್ದರೆ ಅವುಗಳಿಂದಲೇ ಶುರು ಮಾಡಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆಯಿರಿ. ಪುಟಗಳ ಸಂಖ್ಯೆ ಮುಂದಿನ ವರ್ಷವೂ ಸಿಗುತ್ತದೆ. ಈ ನೆನಪು ಸಿಗುತ್ತದೆ ಎಂದು ಹೇಳಲಾಗದು.

ಎರವಲು ಕೊಟ್ಟ ಪುಸ್ತಕಕ್ಕೆ ಪಡೆದವರ ಹೆಸರಿನ ಜೊತೆ ತಾರೀಖು ಕೂಡ ಹಾಕಿ. ಆದರೆ ಈ ಕಾಲಂಗಳು ಎಲ್ಲರಿಗೂ ಕಾಣುವಂತೆ ಇರಬಾರದು. ಬೇರೆಯವರ ಹೆಸರುಗಳು, ನಿಮ್ಮ ಮನೆಯ ಕೋಣೆಗಳು, ಅಪರೂಪದ ಪ್ರತಿಗಳು ಎಲ್ಲಿವೆ ಎನ್ನುವುದು ಹೊರಗಿನವರಿಗೆ ಬೇಡ. ತಾಣದಲ್ಲಾದರೆ ಖಾಸಗಿ ಟಿಪ್ಪಣಿಯಲ್ಲಿ ಬರೆಯಿರಿ. ಹಾಳೆಯಲ್ಲಾದರೆ ಹಂಚುವಾಗ ಈ ಕಾಲಂಗಳಿಲ್ಲದ ಇನ್ನೊಂದು ಪ್ರತಿ ಮಾಡಿ ಹಂಚಿ. ಕಾಲಂ ಮರೆಮಾಡಿದರೆ ಸಾಲದು, ಅದನ್ನು ಮತ್ತೆ ತೆರೆದು ನೋಡುವುದು ಕಷ್ಟವಲ್ಲ.

11. ಬ್ಯಾಕಪ್

ತಾಣಗಳು ಮುಚ್ಚುತ್ತವೆ, ಕೈ ಬದಲಾಗುತ್ತವೆ, ನಿಯಮ ಬದಲಿಸುತ್ತವೆ. ಆಗಾಗ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ (ಬಹುತೇಕ ತಂತ್ರಾಂಶಗಳು ಓದಬಲ್ಲ ಸಾದಾ ಪಠ್ಯದ ಪಟ್ಟಿ) ಇಳಿಸಿ, ಫೈಲಿನ ಹೆಸರಿನಲ್ಲಿ ತಾರೀಖು ಹಾಕಿ, ಎರಡು ಬೇರೆ ಕಡೆ ಇಡಿ. ಹೊಸದನ್ನು ಹಳೆಯದರ ಮೇಲೆ ಬರೆಯಬೇಡಿ.

ಈ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವಾಗ ಎರಡು ಅಪಾಯ ಇವೆ. ನೇರವಾಗಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಅಕ್ಷರಗಳು ಚಿತ್ರವಿಚಿತ್ರವಾಗಿ ಕಾಣಬಹುದು. ಫೈಲು ಕೆಟ್ಟಿದೆ ಎಂದು ಗಾಬರಿ ಬೇಡ. ಮುಚ್ಚಿ, ಡೇಟಾ ಮೆನುವಿನಿಂದ ಆಮದು ಮಾಡಿ, ಸಂಕೇತ ಪದ್ಧತಿ ಯುಟಿಎಫ್-8 ಎಂದು ಆರಿಸಿ. ಲಿಬ್ರೆಆಫೀಸ್ ಇದನ್ನು ತೆರೆಯುವಾಗಲೇ ಕೇಳುತ್ತದೆ. ಎರಡನೆಯ ಅಪಾಯ ದೊಡ್ಡದು. ಎಕ್ಸೆಲ್ ಐಎಸ್‌ಬಿಎನ್ ಅನ್ನು ಸಂಖ್ಯೆ ಎಂದುಕೊಳ್ಳುತ್ತದೆ. 13 ಅಂಕಿಯದು 9.78 ಎಂದು ಶುರುವಾಗಿ ಮುಂದೆ ಘಾತದ ಗುರುತು ಇರುವ ರೂಪಕ್ಕೆ ತಿರುಗಬಹುದು. ಆ ಸ್ಥಿತಿಯಲ್ಲಿ ಮತ್ತೆ ಸಿಎಸ್‌ವಿ ಆಗಿ ಉಳಿಸಿದರೆ ಕೊನೆಯ ಅಂಕಿಗಳು ಹೋದವು ಎಂದೇ ಲೆಕ್ಕ. 10 ಅಂಕಿಯದರಲ್ಲಿ ಮೊದಲ ಸೊನ್ನೆ ಬಿದ್ದುಹೋಗುತ್ತದೆ. ಎಷ್ಟೋ ಇಂಗ್ಲಿಷ್ ಪುಸ್ತಕಗಳು ಸೊನ್ನೆಯಿಂದಲೇ ಶುರುವಾಗುವುದು! ಆಮದು ಮಾಡುವಾಗಲೇ ಆ ಕಾಲಂ ಅನ್ನು ಪಠ್ಯ ಎಂದು ಗುರುತಿಸಿ. ಆನ್‌ಲೈನ್ ಹಾಳೆಯಲ್ಲೂ ಮೊದಲ ಸಂಖ್ಯೆ ಟೈಪ್ ಮಾಡುವ ಮುಂಚೆ ಕಾಲಂ ಅನ್ನು ಸಾದಾ ಪಠ್ಯ ಮಾಡಿಡಿ. ಬಿದ್ದುಹೋದ ಸೊನ್ನೆಗಳನ್ನು 10 ಅಂಕಿ ಆಗುವವರೆಗೆ ಮುಂದೆ ಸೇರಿಸಿ ಸರಿಪಡಿಸಬಹುದು. ಕೊನೆಯಿಂದ ಹೋದ ಅಂಕಿಗಳು ಮಾತ್ರ ವಾಪಸ್ ಬರುವುದಿಲ್ಲ, ಪುಸ್ತಕವನ್ನೇ ಮತ್ತೆ ನೋಡಬೇಕು.

ಗುಡ್‌ರೀಡ್ಸ್‌ನಿಂದ ಇಳಿಸಿದ ಫೈಲಿನಲ್ಲಿ ಐಎಸ್‌ಬಿಎನ್ ಸುತ್ತ ಸಮ ಚಿಹ್ನೆ, ಉದ್ಧರಣ ಚಿಹ್ನೆ ಕಾಣುತ್ತವೆ. ಸಂಖ್ಯೆಯನ್ನು ಪಠ್ಯವಾಗಿ ಉಳಿಸಲು ಬೇಕೆಂದೇ ಹಾಕಿದ್ದು ಅದು. ಬೇರೆ ಕಡೆ ಸೇರಿಸುವಾಗ ತೊಂದರೆ ಕೊಟ್ಟರೆ ಹುಡುಕಿ ತೆಗೆಯಬಹುದು.

12. ನಡೆಸಿಕೊಂಡು ಹೋಗುವುದು

ಹೊಸ ಪುಸ್ತಕ ಪಟ್ಟಿಗೆ ಸೇರುವವರೆಗೂ ಕಪಾಟಿಗೆ ಹೋಗಬಾರದು. ಇದೊಂದು ನಿಯಮ ಪಾಲಿಸಿದರೆ ಬಾಕಿ ಉಳಿಯುವುದಿಲ್ಲ. ಹೊಸದಾಗಿ ಬಂದವಕ್ಕೆ ಮೇಜಿನ ಮೇಲೆ ಒಂದು ಜಾಗ ಇಡಿ, ಅಲ್ಲಿಂದ ಸೇರಿಸಿ ಒಳಗೆ ಕಳಿಸಿ. ವರ್ಷಕ್ಕೊಮ್ಮೆ ಧೂಳು ಹೊಡೆಯುವಾಗ ಅಂತಸ್ತಿನ ಪಟ್ಟಿಯನ್ನು ಫೋನಿನಲ್ಲಿ ತೆರೆದಿಟ್ಟು ತಾಳೆ ನೋಡಿ. ಜಾಗ ಬದಲಾದವು, ಕಾಣೆಯಾದವು ಆಗ ಸಿಕ್ಕಿಬೀಳುತ್ತವೆ.

ಯಾರಿಗಾದರೂ ಕೊಟ್ಟ, ಮಾರಿದ, ಗ್ರಂಥಾಲಯಕ್ಕೆ ದಾನ ಮಾಡಿದ ಪುಸ್ತಕದ ಸಾಲನ್ನು ಅಳಿಸಬೇಡಿ. "ಸ್ಥಿತಿ" ಎಂಬ ಕಾಲಂನಲ್ಲಿ "ಹೋಗಿದೆ" ಎಂದು ಬರೆದು, ಎಲ್ಲಿಗೆ, ಯಾವಾಗ ಎಂದು ಸೇರಿಸಿ. ಲೈಬ್ರರಿಥಿಂಗ್‌ನಲ್ಲಾದರೆ "ಓದಿದ್ದೇನೆ, ನನ್ನ ಬಳಿ ಇಲ್ಲ" ಎಂಬ ಅರ್ಥದ ಸಂಗ್ರಹ ಮೊದಲೇ ಇದೆ, ಓದಿ ಕೊಟ್ಟವನ್ನು ಅಲ್ಲಿಗೆ ಸರಿಸಿ. ಎರಡು ವರ್ಷ ಬಿಟ್ಟು ಅದೇ ಪುಸ್ತಕವನ್ನು ಮನೆಯೆಲ್ಲ ಹುಡುಕುವ ಹೊತ್ತಿಗೆ, ಅದು ಯಾರಿಗೆ ಹೋಯಿತು ಎಂದು ಆ ಸಾಲಿನಲ್ಲೇ ಸಿಗುತ್ತದೆ.